ಹೊಟ್ಟೆಯ ಮೇಲೆ ಒಂದು ಹಂಚು

ಮೊದಲ ದಿನ ಹಾಡಿಸಲೇ ಇಲ್ಲ.
ಬಲ್ಮಠ ಗುಡ್ಡೆಯ ಆ ಮಹಡಿ ಕೋಣೆಯಲ್ಲಿ
ಚಾಪೆ ಹಾಸಿ, ಅಂಗಾತ ಮಲಗು ಎಂದರು.
ಅಂಗಳದ ಮೂಲೆಯಿಂದ ಹಂಚೊಂದನ್ನು ತಂದು
ನನ್ನ ಹೊಟ್ಟೆಯ ಮೇಲಿಟ್ಟರು.
ಎರಡೂವರೆ ಕಿಲೋ ಸುಟ್ಟ ಮಣ್ಣು,
ಬೆನ್ನಿಗೆ ಕಾರ್ಖಾನೆಯ ಮುದ್ರೆ,
ಅಂಚಿನಲ್ಲಿ ಒಣಗಿದ ಪಾಚಿ, ಒಂದು ಇರುವೆ.
"ಏಳಬೇಕಾದ್ದು ಇದು. ನಿನ್ನ ಭುಜ ಅಲ್ಲ."

ರಿಜಿಸ್ಟರಿನಲ್ಲಿ ನಾನು ಸುಜಯ ಸಾಲಿನ್ಸ್.
ಹೆಡ್ವಿಗ್ ಕ್ನಾಪ್ ಅವರ ಬಾಯಲ್ಲಿ ಝುಯಾಯ.
ಮೂರು ವರ್ಷ ನಾನು ತಿದ್ದಲಿಲ್ಲ.
ಆ ಹೆಸರಿನವಳಿಗೆ
ನನಗಿಂತ ಉಸಿರು ಹೆಚ್ಚಿತ್ತು.

ಪೆಟ್ಟಿಗೆಯಲ್ಲಿ ಪೋಸ್ಟರುಗಳು, ಮಡಿಕೆಯಲ್ಲಿ ಹರಿದವು.
ಇಪ್ಪತ್ತೆರಡಕ್ಕೆ ದನಿ ಮಾತ್ರ, ಪರದೆಯ ಹಿಂದಿನಿಂದ,
ಆಮೇಲೆ ಕೆಲಸದವಳು,
ಆಮೇಲೆ ಕೆಲಸದವಳ ಮೇಲೆ ರೇಗುವ ಯಜಮಾನಿ,
ಮೂವತ್ತು ದಾಟಿದ ಮೇಲೆ ರಾಣಿ.
ಸಣ್ಣ ಸಣ್ಣ ಊರಿನ ಒಪೆರಾ ಮನೆಗಳು,
ಬಾಂಬು ಬಿದ್ದ ಗೋಡೆಗೆ ಹಸಿ ಸುಣ್ಣ,
ಚಳಿಗೆ ಕೈಗವಸು ತೆಗೆಯದೆ ಜನ ತಟ್ಟಿದ ಚಪ್ಪಾಳೆ.
"ದಿಂಬು ಬಡಿದ ಹಾಗೆ" ಅನ್ನುತ್ತಿದ್ದರು.
"ಇನ್ನೂರ ಹದಿನಾಲ್ಕು ಸಲ ಸತ್ತಿದ್ದೇನೆ ನಾನು,
ಕ್ಷಯಕ್ಕೆ, ವಿಷಕ್ಕೆ, ಕತ್ತಿಗೆ, ಒಮ್ಮೆ ಬರೀ ದುಃಖಕ್ಕೆ.
ಸಾಯುವಾಗಲೇ ಹಾಡು ಉದ್ದ, ಝುಯಾಯ.
ಉಸಿರು ಉಳಿಸಿಕೋ."

ನಲವತ್ತೊಂದರಲ್ಲಿ, ಒಂದು ಮಂಗಳವಾರ,
ಏರಬೇಕಾದ ಸ್ವರ ಏರಲಿಲ್ಲ.
ಬಾಯಿ ತೆರೆದಿತ್ತು, ಕೈ ಚಾಚಿತ್ತು;
ವಾದ್ಯದವರು ಚೂರು ಕಾದು ಮುಂದೆ ಹೋದರು.
ಇಷ್ಟೇ ಹೇಳಿದ್ದು. ಉಳಿದದ್ದಕ್ಕೆ ಚಹಾ ಕುಡಿದರು.

ನಮ್ಮೆದುರು ಹಾಡಿದವರಲ್ಲ.
ಗೆದ್ದಲು ತಿಂದ ಪಿಯಾನೋದಲ್ಲಿ ಬೆರಳು ತೋರಿಸುತ್ತಿತ್ತು,
ಸತ್ತ ಎರಡು ಮನೆಗಳ ಸ್ವರ ನಾವೇ ಊಹಿಸಬೇಕು.
ಒಣಮೀನಿನ ಚಟ್ನಿ ತಿಂದು ಬಂದ ದರ್ಜಿ ಐಮನ್‌ಗೆ
ಬಾಗಿಲಲ್ಲೇ ನಿಂತು ಹಾಡುವ ಶಿಕ್ಷೆ.
ಒಮ್ಮೆ ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ಬಂದರಿನ ಧಕ್ಕೆಗೆ ಕರೆದೊಯ್ದು
ಬೂತಾಯಿ ಬುಟ್ಟಿಗಳ ನಡುವೆ ನಿಲ್ಲಿಸಿ,
ಏಲಂ ಕೂಗುವ ಗಿರಿಯಕ್ಕನ ಸೊಂಟ ತೋರಿಸಿದರು:
"ಗಂಟಲಲ್ಲ! ಅಲ್ಲಿಂದ!"
ಗಿರಿಯಕ್ಕ ಸೆರಗು ಸರಿಮಾಡಿಕೊಂಡು ಬೈದಳು,
ಅದೂ ಅಲ್ಲಿಂದಲೇ ಬಂತು.

ಯಾಕೆ ಬಂದಿರಿ ಇಲ್ಲಿಗೆ ಎಂದರೆ, ಅಜ್ಜ ಎಂದರು.
ಹಂಚಿನ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು,
ಬಂದ ಎರಡನೇ ಮಳೆಗೆ ಜ್ವರದಲ್ಲಿ ಹೋದವನು.
ಗೋರಿ ಸಿಕ್ಕಿದ್ದು ಗೇರುಮರದ ಬುಡದಲ್ಲಿ.
ಕಲ್ಲಿನ ಮೇಲೆ ಕ್ನಾಪ್ ಹೋಗಿ ಕ್ನಾಬ್ ಆಗಿತ್ತು.
ಉಗುರಿನಿಂದ ಆ ಅಕ್ಷರ ಕೆರೆದು ನಕ್ಕರು:
"ನೋಡು, ಇವನೂ ತಿದ್ದಲಿಲ್ಲ."
ನನ್ನ ಮುಖ ಬಿಸಿಯಾಯಿತು.

ಹೊರಡಲು ಎಂಟು ದಿನ ಇದ್ದಾಗ
ಬಚ್ಚಲ ಮೆಟ್ಟಿಲಲ್ಲಿ ಜಾರಿ ಬಿದ್ದರು.
ಮೇಲಿನ ಕೋಣೆಯಲ್ಲಿ ನಾವು ಐದು ಜನ, ಕೇಳಿದೆವು.
ಕೂಗಲ್ಲ ಅದು.
ತೆಳ್ಳಗೆ, ನೆಟ್ಟಗೆ, ಹಂಚಿನ ಸಂದಿನ ಬಿಸಿಲಿನ ಹಾಗೆ
ಮೇಲೆ ಹೋಗಿ ಅಲ್ಲೇ ನಿಂತಿತು.
ಹಲಸಿನ ಮರದ ಕಾಗೆಗಳು ಒಟ್ಟಿಗೆ ಎದ್ದವು.
ಅಡುಗೆಯ ಸೋಮಕ್ಕ "ಅಮ್ಮಾ, ಬೂರಿಯರಾ?" ಎಂದು ಓಡಿದಳು.
ಕಾಲು ಓರೆಯಾಗಿತ್ತು, ಕಣ್ಣಲ್ಲಿ ನೀರು,
ಮೈಯೆಲ್ಲ ಸೋಪಿನ ನೊರೆ,
ಮುಖದಲ್ಲಿ ಮಾತ್ರ ಗೆದ್ದ ಹುಡುಗಿ:
"ಝುಯಾಯ, ಕೇಳಿದೆಯಾ? ಇತ್ತು. ಇನ್ನೂ ಇತ್ತು."

ನಾನೇನೂ ಹಾಡುಗಾರ್ತಿ ಆಗಲಿಲ್ಲ.
ವೆನ್ಲಾಕ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ
ಹೊರರೋಗಿಗಳ ಹೆಸರು ಕೂಗಿದೆ, ಮೈಕಿಲ್ಲದೆ.
ಕೊನೆಯ ಬೆಂಚಿನ ಕಿವುಡಜ್ಜನೂ ಏಳುತ್ತಿದ್ದ.
ಕೂಗುವ ಮೊದಲು ಚೀಟಿ ತೋರಿಸಿ ಕೇಳುತ್ತಿದ್ದೆ:
"ನಿಮ್ಮ ಹೆಸರು ಹೀಗೇ ಅಲ್ಲವಾ?"

ಹಂಚು ನನ್ನ ಮಂಚದ ಕೆಳಗಿತ್ತು.
ಹೋದ ಮೇ ತಿಂಗಳಲ್ಲಿ ಮಾಡು ಕೈಯಾಡಿಸಲು ಬಂದ ಆಳು
"ಒಂದು ಕಮ್ಮಿ ಉಂಟಲ್ಲ ಅಕ್ಕ" ಎಂದು ಏಣಿಯಿಂದ ಇಣುಕಿದ.
ಸ್ವಲ್ಪ ಹೊತ್ತು ಸುಮ್ಮನಿದ್ದು, ಎತ್ತಿ ಕೊಟ್ಟೆ.

ಈಗ ಅಂಗಾತ ಮಲಗಿ ನೋಡುತ್ತೇನೆ.
ಯಾವುದೆಂದು ಕೆಳಗಿನಿಂದ ಗೊತ್ತಾಗುವುದಿಲ್ಲ.